ಕಣ್ಣು ಅರ್ಧ ಮುಚ್ಚಿ ನೋಡಿ

ಕೇಳುಗರಿಗೆ ನಮಸ್ಕಾರ. ಎಣ್ಣೆಬಣ್ಣದ ಚಿತ್ರದ ಬಗ್ಗೆ ನಾಲ್ಕು ಮಾತಾಡಿ ಎಂದು ಧಾರವಾಡ ಆಕಾಶವಾಣಿಯವರು ಕರೆದರು. ರೇಡಿಯೋದಲ್ಲಿ ಚಿತ್ರ ತೋರಿಸೋದು ಹೇಗ್ರೀ ಅಂದೆ. ನಕ್ಕರು. ಹಾಗಾಗಿ ಸ್ವಲ್ಪ ಕೆಲಸ ನೀವೇ ಮಾಡಬೇಕು. ಕಿಟಕಿ ಹತ್ತಿರ ಹೋಗಿ. ಕಣ್ಣು ಅರ್ಧ ಮುಚ್ಚಿ ಹೊರಗೆ ನೋಡಿ. ಎಲೆ ಕಾಣುವುದಿಲ್ಲ, ಹೆಂಚು ಕಾಣುವುದಿಲ್ಲ. ಒಂದು ಹಸಿರು ತುಂಡು, ಪಕ್ಕದಲ್ಲಿ ಒಂದು ಕೆಂಪು ತುಂಡು. ನಾನು ಬರೆಯೋದು ಅದನ್ನೇ.

ನಿಸರ್ಗ ಚಿತ್ರ ತಿಳಿಯುತ್ತೆ, ಅಮೂರ್ತ ಅಂದರೆ ಗುರುತಿನ ಆಕಾರವಿಲ್ಲದ ಬರೀ ಬಣ್ಣ-ರೇಖೆಯ ಚಿತ್ರ ತಿಳಿಯಲ್ಲ ಅಂತಾರೆ ಜನ. ಇವೆರಡು ಬೇರೆ ಅಂತ ಯಾರು ಹೇಳಿಕೊಟ್ಟರೋ! 1896ರಲ್ಲಿ ಮಾಸ್ಕೋದಲ್ಲಿ ಕ್ಯಾಂಡಿನ್ಸ್ಕಿ ಎಂಬ ರಷ್ಯಾದವ ಒಂದು ಪ್ರದರ್ಶನದಲ್ಲಿ ಫ್ರಾನ್ಸಿನ ಚಿತ್ರಕಾರ ಮೋನೆಯ ಒಂದು ಚಿತ್ರದ ಮುಂದೆ ನಿಂತ. ಏನೆಂದು ಗೊತ್ತಾಗಲಿಲ್ಲ. ಹುಲ್ಲಿನ ಬಣವೆ ಎಂದು ಪ್ರದರ್ಶನದ ಚಿತ್ರಗಳ ಪಟ್ಟಿ ನೋಡಿ ತಿಳಿದುಕೊಂಡ. ಆದರೆ ಆ ಬಣ್ಣ ಅವನನ್ನು ಬಿಡಲಿಲ್ಲ. ಮುಂದೆ ಅಮೂರ್ತ ಚಿತ್ರಕ್ಕೆ ದಾರಿ ಮಾಡಿದವರಲ್ಲಿ ಅವನೂ ಒಬ್ಬ. ಬಣವೆಯಿಂದ ಶುರು, ನೋಡಿ.

ಅಣ್ಣಿಗೇರಿ ಕಡೆ ಒಮ್ಮೆ ಎರೆಹೊಲದ ಬದುವಿನ ಮೇಲೆ ಕ್ಯಾನ್ವಾಸ್ ಇಟ್ಟುಕೊಂಡು ಕೂತಿದ್ದೆ. ಹಿಂಗಾರಿ ಬಿತ್ತನೆಗೆ ಹೊಲ ಹದ ಮಾಡಿದ್ದರು. ಹೊಲದ ಯಜಮಾನ ಬುತ್ತಿಗಂಟು ಹಿಡಿದು ಬಂದ.

"ಏನ್ ಬರಿಯಾಕತ್ತೀರಿ?"

"ನಿಮ್ಮ ಹೊಲಾರೀ."

"ನಮ್ಮ ಬನ್ನಿಗಿಡ ಎಲ್ಲೈತಿ?"

"ಬಿಟ್ಟೇನ್ರಿ."

"ಬದುವು?"

"ಅದನ್ನೂ ಬಿಟ್ಟೇನಿ."

ಅವನು ಮಾತಾಡಲಿಲ್ಲ. ಗಂಟು ಬಿಚ್ಚಿ ರೊಟ್ಟಿ ಮೇಲೆ ಅಗಸಿ ಹಿಂಡಿ ಹಾಕಿ ನನಗೂ ಕೊಟ್ಟ. ಈ ಬಣ್ಣದಾಗೂ ಅಗಸಿ ಎಣ್ಣಿನ ಐತಿ ಅಂದೆ. "ತಿನ್ನೂದನ್ನ ಅರಿಬಿಗೆ ಹಚ್ಚಾಕತ್ತೀರಿ ಹಂಗಾರ!" ಎಂದು ನಕ್ಕ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣು ಸಣ್ಣದು ಮಾಡಿ ನೋಡಿದ. ಚಿತ್ರದ ಕೆಳಗಿನ ಪಟ್ಟಿಗೆ ಬೆರಳು ತೋರಿಸಿ, "ಇಲ್ಲಿ ತಪ್ಪೈತ್ರಿ. ಮೊನ್ನೆ ಮಳಿ ಆಗೇತಿ. ನೀವು ಒಣಾ ಎರಿ ಬರದೀರಿ" ಅಂದ.

ನಿಜ. ಬಿಳಿ ಜಾಸ್ತಿ ಸೇರಿತ್ತು. ಗಿಡ ಇಲ್ಲ, ಬದು ಇಲ್ಲ, ಎತ್ತು ಇಲ್ಲ. ಬರೀ ಒಂದು ಬಣ್ಣದ ತುಂಡು ನೋಡಿ ಮಣ್ಣಿನ ಹಸಿ ಹೇಳಿದ. ಬಿಳಿಯನ್ನು ಕೆರೆದು ತೆಗೆದೆ. ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದಿಗೆ ಅಲ್ಟ್ರಾಮರೀನ್ ನೀಲಿ ಕಲಸಿ ಮತ್ತೆ ಹಚ್ಚಿದೆ. ಟ್ಯೂಬಿನ ಕಪ್ಪು ಹಚ್ಚಬೇಡಿ, ಮಸಿ ಆಗುತ್ತೆ. ಎರೆಮಣ್ಣು ಮಸಿ ಅಲ್ಲ.

ಗಾಜಿನ ಆಚೆಯಿಂದ ಕೈ ಮಾಡುತ್ತಿದ್ದಾರೆ, ಹೊತ್ತಾಯಿತಂತೆ. ಬೇಗ ಹೇಳಿಬಿಡುತ್ತೇನೆ. ಮೊದಲ ಪದರಕ್ಕೆ ಟರ್ಪೆಂಟೈನ್ ಹಾಕಿ ತೆಳ್ಳಗೆ ಹಚ್ಚಿ. ಎಣ್ಣೆ ಜಾಸ್ತಿ ಇರುವುದು ಮೇಲಿನ ಪದರಕ್ಕೆ. ಅಗಸೆ ಎಣ್ಣೆ ನೀರಿನ ಹಾಗೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನ ಗಟ್ಟಿಯಾಗುತ್ತೆ. ಪದರಗಳನ್ನು ಉಲ್ಟಾ ಮಾಡಿದರೆ ಬೇಸಿಗೆಯ ಎರೆಹೊಲದ ಹಾಗೆ ಬಿರುಕು ಬಿಡುತ್ತೆ. ಚಿತ್ರ ಮುಗಿದ ಮೇಲೆ, ಕೊನೆಗೆ ಹಚ್ಚುವ ವಾರ್ನಿಷ್ ಸುದ್ದಿಗೆ 6 ತಿಂಗಳು ಹೋಗಲೇಬೇಡಿ.

ಅಂದಹಾಗೆ, ಕಿಟಕಿ ಹತ್ತಿರ ಹೋದಿರೋ, ಸುಮ್ನೆ ಕೂತೇ ಕೇಳಿದಿರೋ? ನಮಸ್ಕಾರ.