ಕಮಾನು ಸೇತುವೆಗೆ ವಯಸ್ಸಾಯಿತು, ಸರಿ. ಅದರ ಕೊಳವೆ ನೋಡಿದವರು ಯಾರು?

ತೀರ್ಥಹಳ್ಳಿಯ ಕಮಾನು ಸೇತುವೆಯ ಮಾತೆತ್ತಿದರೆ ಸಾಕು, "ಅದಕ್ಕೆ ವಯಸ್ಸಾಯಿತು ಮಾರಾಯರೇ, ಕೆಡವಿ ಹೊಸದು ಕಟ್ಟಬೇಕು" ಎನ್ನುವವರು ಸಿಗುತ್ತಾರೆ. ಈ ವಯಸ್ಸಿನ ವಾದ ನನಗೆ ಒಪ್ಪಿಗೆಯಿಲ್ಲ.

ಕಾರವಾರದ ಬಳಿ ಕಾಳಿ ನದಿಯ ಹಳೆಯ ಹೆದ್ದಾರಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಲಾರಿಯ ಸಮೇತ ನೀರಿಗೆ ಬಿತ್ತು. ಚಾಲಕ ಬದುಕಿದ್ದು ಪುಣ್ಯ. 2025ರ ಜುಲೈಯಲ್ಲಿ ಗುಜರಾತಿನ ಗಂಭೀರಾ ಸೇತುವೆ ಮುರಿದಾಗ ಅಷ್ಟು ಪುಣ್ಯವಿರಲಿಲ್ಲ, ಹಲವರು ಸತ್ತರು. ಎರಡಕ್ಕೂ ಆಗಿದ್ದದ್ದು ಹೆಚ್ಚುಕಡಿಮೆ 40 ವರ್ಷ. ತುಂಗೆಯ ಮೇಲಿನ ನಮ್ಮ ಕಮಾನು ಸೇತುವೆ, ಅಂದರೆ ಜಯಚಾಮರಾಜೇಂದ್ರ ಸೇತುವೆ, 1940ರ ದಶಕದ್ದು, ಇನ್ನೂ ನಿಂತಿದೆ.

ಹಾಗೆಂದು "ರಾಜರ ಕಾಲದ ಸಿಮೆಂಟೇ ಬೇರೆ" ಎಂಬ ಮಾತನ್ನೂ ನಾನು ನಂಬುವುದಿಲ್ಲ. ಕಾಳಿ ಸೇತುವೆಗೆ ಕಡಲಿನ ಉಪ್ಪುಗಾಳಿ ಇತ್ತು, ನಮಗೆ ಅದಿಲ್ಲ. ನಮಗಿರುವುದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ಸೇತುವೆಯ ಮೇಲೆ ಬಿದ್ದ ನೀರು ಅಂಚಿನ ಕೊಳವೆಗಳಲ್ಲಿ ಹೊಳೆಗೆ ಇಳಿಯಬೇಕು. ಕೊಳವೆಯಲ್ಲಿ ಮಣ್ಣು, ದರಗು, ಗುಟ್ಕಾ ಪೊಟ್ಟಣ ತುಂಬಿದರೆ ನೀರು ರಸ್ತೆಯ ಮೇಲೇ ನಿಂತು ಬಿರುಕಿನೊಳಗೆ ಇಳಿಯುತ್ತದೆ. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಸರಳು ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ. ಸೇತುವೆಯ ಅಡಿಯಲ್ಲಿ ಚಕ್ಕೆ ಎದ್ದು ಕೆಂಪು ಸರಳು ಕಾಣಿಸುವ ಹೊತ್ತಿಗೆ ಕಾಯಿಲೆ ಹಳತಾಗಿರುತ್ತದೆ. ಸಂದಿಯಲ್ಲಿ ಅರಳಿ ಗಿಡ ಎದ್ದಿತೆಂದರೆ ಅದರ ಬೇರೂ ಇದೇ ಕೆಲಸಕ್ಕೆ ಕೈಜೋಡಿಸುತ್ತದೆ. ಆದರೂ ಅರಳಿಗೆ ಕೈಮುಗಿದು ಬಿಟ್ಟುಬಿಡುವ ಜನ ನಾವು!

ಕೊಳವೆ ಬಿಡಿಸಲು ಒಂದು ಹಾರೆ ಮತ್ತು ಇಬ್ಬರು ಆಳು ಸಾಕು. ಆದರೆ ಅದಕ್ಕೆ ಶಂಕುಸ್ಥಾಪನೆಯಿಲ್ಲ, ಫ್ಲೆಕ್ಸ್ ಇಲ್ಲ, ಟೇಪು ಕತ್ತರಿಸಲು ಮಂತ್ರಿ ಬರುವುದಿಲ್ಲ. ಹೊಸ ಸೇತುವೆಗೆ ಇವೆಲ್ಲವೂ ಇವೆ.

ಹೊಸದು ಬೇಡವೆನ್ನುತ್ತಿಲ್ಲ. ಮರಳು ಲಾರಿ, ಟ್ಯಾಂಕರುಗಳ ಇಂದಿನ ಭಾರವನ್ನು ಆ ಕಾಲದ ಎಂಜಿನಿಯರರು ಊಹಿಸಿರಲಾರರು. ಹೆದ್ದಾರಿಯ ಹೊರೆಗೆ ಬೇರೆ ಸೇತುವೆ ಬೇಕೇ ಬೇಕು. ಶರಾವತಿ ಹಿನ್ನೀರಿನ ಜನ ಲಿಂಗನಮಕ್ಕಿ ಅಣೆಕಟ್ಟು ಆದಾಗಿನಿಂದ ಲಾಂಚ್ ಕಾದು ಕಾದು, 2025ರ ಜುಲೈ 14ರಂದು ಸಿಗಂದೂರು ಸೇತುವೆ ಕಂಡರು. ಅದನ್ನು ದಂಡವೆನ್ನಲು ನನಗೆ ಬಾಯಿಲ್ಲ. ಆದರೆ ಅದರ ಕೇಬಲ್ಲುಗಳೂ ಇದೇ ಮಳೆಯಲ್ಲಿ ನೆನೆಯುತ್ತವೆ. ಉದ್ಘಾಟನೆಗೆ ನುಗ್ಗಿದ ಕ್ಯಾಮೆರಾಗಳಲ್ಲಿ ಒಂದಾದರೂ ಮುಂದಿನ ತಪಾಸಣೆಗೆ ಹೋಗುತ್ತದೆಯೇ?

ಕಮಾನು ಸೇತುವೆಯನ್ನು ಕೆಡವಬೇಡಿ. ಭಾರಿ ವಾಹನಗಳನ್ನು ತಡೆದು, ನಡೆಯುವವರಿಗೆ, ಬೈಕಿಗೆ, ಆಟೋಗೆ ಬಿಡಿ. ಎಳ್ಳಮಾವಾಸ್ಯೆ ಜಾತ್ರೆಯ ಜನ ನಿಲ್ಲಲು ಅಷ್ಟು ಜಾಗ ಬೇಕು. ಪ್ರತಿ ವರ್ಷ ಮೇ ತಿಂಗಳಲ್ಲಿ ಕೊಳವೆ ಬಿಡಿಸಿ, ಗಿಡ ಕೀಳಿಸಿ, ತಪಾಸಣೆಯ ವರದಿಯನ್ನು ಪಟ್ಟಣ ಪಂಚಾಯಿತಿಯ ಬಾಗಿಲಿಗೆ ಅಂಟಿಸಿ. ಓದಲು ನಾವು ಬರುತ್ತೇವೆ.