ಸೆಟಲ್‌ಮೆಂಟ್ ದುಡ್ಡು ಬೋರ್‌ವೆಲ್‌ಗಲ್ಲ!

ನಮಸ್ಕಾರ ಕೋಲಾರ, ನಮಸ್ಕಾರ ಕೆಜಿಎಫ್, ಬಂಗಾರಪೇಟೆ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಗಲ್ಫ್‌ನಲ್ಲಿ ಡ್ಯೂಟಿ ಮುಗಿಸಿ ಕ್ಯಾಂಪ್ ರೂಮಲ್ಲಿ ಕೂತು ಕೇಳ್ತಿರೋ ಅಣ್ಣತಮ್ಮಂದಿರಿಗೆ ಇನ್ನೊಂದು ನಮಸ್ಕಾರ. ಇವತ್ತಿನ ಮಾತು ನಿಮಗೇ.

ಹೋದ ಸಂಚಿಕೆಯಲ್ಲಿ ಆಯಿಲ್ ಫೀಲ್ಡ್ ಕೆಲಸ ಕಳ್ಕೊಂಡು ವಾಪಸ್ ಬಂದೋರ ಬಗ್ಗೆ ಮಾತಾಡಿದ್ದೆ. ಅದಕ್ಕೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ಇವರಿಗೇನು ಕಷ್ಟ ಸಾರ್? ಸೆಟಲ್‌ಮೆಂಟ್ ಬಂದಿರುತ್ತೆ. ಎರಡು ಬೋರ್ ಹಾಕ್ಸಿ ಟೊಮೆಟೊ ಹಾಕಿದ್ರೆ ಆ ಮರಳುಗಾಡಿನ ಕಡೆ ಮತ್ತೆ ತಲೆ ಹಾಕೋದೇ ಬೇಡ." ಅದಕ್ಕೆ ಲೈಕುಗಳು ಬೇರೆ! ಓದಿ ಮೈಯೆಲ್ಲಾ ಉರಿದುಹೋಯ್ತು. ಯಾಕಂದ್ರೆ ಇದೇ ಮಾತು ಕೇಳಿ ಮುಳುಗಿದೋರು ನಮ್ಮ ಬೀದಿಯಲ್ಲೇ ಇದ್ದಾರೆ.

ಮೊದಲೇ ಹೇಳ್ಬಿಡ್ತೀನಿ. ಸೆಟಲ್‌ಮೆಂಟ್ ದುಡ್ಡನ್ನ, ಅಂದ್ರೆ ಕೆಲಸ ಮುಗಿದಾಗ ಕಂಪನಿ ಕೊಡೋ ಗ್ರ್ಯಾಚುಟಿನ, ಬೋರ್‌ವೆಲ್‌ಗೆ ಹಾಕ್ಬೇಡಿ. ಅದು ಮನೆ ನಡೆಸೋ ದುಡ್ಡು.

ಆ ದುಡ್ಡು ಎಷ್ಟು ಅಂತ ಲೆಕ್ಕ ಹಾಕಿದ್ದೀರಾ? ಸೌದಿ ಕಾನೂನಿನಲ್ಲಿ ಮೊದಲ 5 ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳದ್ದು. 2,000 ರಿಯಾಲ್ ಸಂಬಳದಲ್ಲಿ 8 ವರ್ಷ ಬಿಸಿಲಲ್ಲಿ ಸ್ಕ್ಯಾಫೋಲ್ಡಿಂಗ್ ಕಟ್ಟಿದ ಮನುಷ್ಯನಿಗೆ ಬರೋದು ಐದೂವರೆ ತಿಂಗಳ ಸಂಬಳ, 11,000 ರಿಯಾಲ್. ನಮ್ಮ ದುಡ್ಡಲ್ಲಿ ಹೆಚ್ಚುಕಡಿಮೆ ಎರಡೂವರೆ ಲಕ್ಷ. ಇನ್ನೊಂದು ವಿಷಯ, ಚೆನ್ನಾಗಿ ಕೇಳಿಸ್ಕೊಳ್ಳಿ. ಕಂಪನಿಯವರು "ರಾಜೀನಾಮೆ ಅಂತ ಬರೆದುಕೊಡಿ, ಬೇಗ ಕಳಿಸ್ತೀವಿ" ಅಂದ್ರೆ ಸಹಿ ಹಾಕ್ಬೇಡಿ. 5ರಿಂದ 10 ವರ್ಷ ಸರ್ವೀಸ್ ಇರೋನು ತಾನಾಗಿ ಬಿಟ್ಟ ಅಂತಾದ್ರೆ ಸಿಗೋದು ಮೂರರಲ್ಲಿ ಎರಡು ಪಾಲು ಮಾತ್ರ. ಅವರು ತೆಗೆದಿದ್ದು ಅಂದ್ರೆ ಅವರು ತೆಗೆದಿದ್ದು ಅಂತಲೇ ಕಾಗದದಲ್ಲಿ ಇರ್ಬೇಕು.

ಇಷ್ಟು ಕಷ್ಟಪಟ್ಟು ತಂದ ಎರಡೂವರೆ ಲಕ್ಷ ಎಲ್ಲಿಗೆ ಹೋಗುತ್ತೆ? 1,200 ಅಡಿ ಕೊರೆದು, ಕೇಸಿಂಗ್, ಮೋಟ್ರು, ಕೇಬಲ್, ಪೈಪು ಅಂತ ಸೇರಿಸಿ ನೋಡಿ, ಕೈಯಲ್ಲಿ ಏನೂ ಉಳಿಯಲ್ಲ. ಅದೂ ನೀರು ಬಿದ್ರೆ. ಫೇಲಾದ್ರೆ? ಆರೂವರೆ ಇಂಚಿನ ತೂತಿನೊಳಗೆ 8 ವರ್ಷದ ದುಡಿಮೆ ಹೋಯ್ತು, ಅಷ್ಟೇ.

ಈಗ ಎಣ್ಣೆ ಬೆಲೆ ವಿಷಯಕ್ಕೆ ಬರ್ತೀನಿ. 2014ರ ಜೂನ್‌ನಲ್ಲಿ ಬ್ರೆಂಟ್ ಕಚ್ಚಾ ತೈಲ, ಅಂದ್ರೆ ಲೋಕದ ಎಣ್ಣೆ ಬೆಲೆಗೆ ಅಳತೆಗೋಲು, ಬ್ಯಾರಲ್‌ಗೆ 115 ಡಾಲರ್ ಇತ್ತು. ಬೆಲೆ ಜಾರ್ತಿರೋವಾಗಲೇ ನವೆಂಬರ್ 27ಕ್ಕೆ ವಿಯೆನ್ನಾದಲ್ಲಿ ಎಣ್ಣೆ ಮಾರೋ ದೇಶಗಳ ಕೂಟ ಒಪೆಕ್‌ನ ದೇಶಗಳು ಸಭೆ ಸೇರಿ, ಉತ್ಪಾದನೆ ಕಡಿಮೆ ಮಾಡಲ್ಲ ಅಂದ್ವು. 2016ರ ಜನವರಿಗೆ ಬೆಲೆ 30 ಡಾಲರಿಗಿಂತ ಕೆಳಗೆ. ಅಂದ್ರೆ ಬರೀ ಕೆಳಗಿಳಿಯೋದಕ್ಕೇ ಒಂದೂವರೆ ವರ್ಷ! ಅಮೆರಿಕದಲ್ಲಿ 2014ರ ಅಕ್ಟೋಬರ್‌ನಲ್ಲಿ ಎಣ್ಣೆಗೆ ಅಂತ ಬಾವಿ ಕೊರೀತಿದ್ದ ಯಂತ್ರಗಳು, ರಿಗ್‌ಗಳು, 1,609. 2016ರ ಮೇ ತಿಂಗಳಿಗೆ ಉಳಿದಿದ್ದು 316.

ಯೋಚನೆ ಮಾಡಿ ಸ್ವಾಮಿ. ಲೋಕದ ಅಷ್ಟು ದೊಡ್ಡ ಕಂಪನಿಗಳು, ಭೂಮಿಯೊಳಗೆ ಏನಿದೆ ಅಂತ ನೋಡೋ ಯಂತ್ರ ಇಟ್ಕೊಂಡೋರು, ಕಷ್ಟ ಬಂದ ತಕ್ಷಣ ಮಾಡಿದ ಮೊದಲ ಕೆಲಸ ಬಾವಿ ಕೊರೆಯೋದು ನಿಲ್ಲಿಸಿದ್ದು. ಅವರು ನಿಲ್ಲಿಸಿದ್ದಕ್ಕೇ ನಿಮ್ಮ ಕೆಲಸ ಹೋಗಿದ್ದು! ನೀವು ಊರಿಗೆ ಬಂದು ಒಂದು ತಿಂಗಳಾಗಿರಲ್ಲ, ತಮಿಳುನಾಡಿನ ತಿರುಚೆಂಗೋಡಿನಿಂದ ಬೋರ್ ಕೊರೆಯೋ ಗಾಡಿ ಕರೆಸ್ತೀರಿ. ಯಂತ್ರ ಇಲ್ಲ, ಸರ್ವೆ ಇಲ್ಲ, ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಪಾಯಿಂಟ್ ತೋರಿಸೋನನ್ನ ನಂಬಿ ಕೊರೆಸ್ತೀರಿ. ಆಯಿಲ್ ಕಂಪನಿಗೆ ಇರೋ ಹೆದರಿಕೆ ನಿಮಗೆ ಯಾಕಿಲ್ಲ?

ಯಾಕಿಲ್ಲ ಅಂತ ನಾನೇ ಹೇಳ್ತೀನಿ. ಮರ್ಯಾದೆ ಪ್ರಶ್ನೆ. "ಕೆಲಸದಿಂದ ತೆಗೆದುಬಿಟ್ರು" ಅಂತ ಅರಳಿಕಟ್ಟೆ ಹತ್ತಿರ ಹೇಳೋಕೆ ಬಾಯಿ ಬರಲ್ಲ. ಮಾವನ ಮನೆಯವರು ಕೇಳ್ತಾರೆ, "ಏನಪ್ಪಾ, ರಜೆ ಇನ್ನೂ ಮುಗೀಲಿಲ್ವಾ?" ಅಂತ. ಆಗ ಗಾಡಿ ತಂದು ಹೊಲದಲ್ಲಿ ನಿಲ್ಲಿಸಿದ್ರೆ ರಾತ್ರಿಯೆಲ್ಲಾ ಸದ್ದು ನಾಲ್ಕು ಊರಿಗೆ ಕೇಳುತ್ತೆ. ಅವನೇ ಬಿಟ್ಟು ಬಂದ, ದುಡ್ಡು ಮಾಡ್ಕೊಂಡು ಬಂದ, ವ್ಯವಸಾಯ ಮಾಡ್ತಾನೆ ಅಂತ ಜನ ತಿಳ್ಕೊಳ್ತಾರೆ. ಆ ಒಂದು ರಾತ್ರಿಯ ಸದ್ದಿಗೆ ಮಕ್ಕಳ ಫೀಸು, ಚೀಟಿ ಕಂತು, ಅಮ್ಮನ ಬಿಪಿ ಮಾತ್ರೆ ಎಲ್ಲಾ ಹೋಗುತ್ತೆ. ಅಣ್ಣಾ, ಕೆಲಸ ಹೋಗಿದ್ದು ನಿಮ್ಮ ತಪ್ಪಲ್ಲ. ವಿಯೆನ್ನಾದಲ್ಲಿ ಕೂತೋರು ನಿಮ್ಮನ್ನ ಕೇಳಿ ತೀರ್ಮಾನ ಮಾಡ್ಲಿಲ್ಲ. ಅತ್ತಿಗೆಗೆ ಮೊದಲ ದಿನವೇ ಹೇಳಿ, ಮಾವನಿಗೂ ಹೇಳಿ. ಬೋರ್‌ಗೆ ಅಂತ ಸೆಟಲ್‌ಮೆಂಟ್ ದುಡ್ಡು ಮುಟ್ಟಬೇಡಿ!

"ಟೊಮೆಟೊ ಬಾಕ್ಸು ಎರಡು ಸಾವಿರಕ್ಕೆ ಹೋಯ್ತಲ್ಲ?" ಹೋಯ್ತು. 2023ರ ಜುಲೈನಲ್ಲಿ ನಮ್ಮ ಕೋಲಾರ ಎಪಿಎಂಸಿಯಲ್ಲೇ 15 ಕೆಜಿ ಬಾಕ್ಸು 2,000 ದಾಟಿತ್ತು. ಎಲ್ಲರಿಗೂ ಅದೊಂದು ಜುಲೈ ಮಾತ್ರ ನೆನಪು. ಕೂಲಿ ಗಿಟ್ಟದೆ ರಸ್ತೆಗೆ ಸುರಿದು ಹೋದ ವರ್ಷಗಳು ಯಾರ ಸ್ಟೇಟಸ್‌ನಲ್ಲೂ ಇರಲ್ಲ. "ಕೆ.ಸಿ. ವ್ಯಾಲಿ ನೀರು ಬಂದಿದೆಯಲ್ಲ?" ಬಂದಿದೆ ಸ್ವಾಮಿ, ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿದ್ದು 2018ರಿಂದ ಕೆರೆಗಳಿಗೆ ಬರ್ತಿದೆ, ಸುತ್ತಮುತ್ತ ಬೋರ್‌ಗಳಲ್ಲಿ ನೀರು ಮೇಲೆ ಬಂದಿದ್ದೂ ನಿಜ. ನಿಮ್ಮ ಜಮೀನು ಆ ಕೆರೆ ಪಕ್ಕದಲ್ಲಿದೆಯಾ? ಇಲ್ಲ ಅಂದ್ಮೇಲೆ ಸುಮ್ನಿರಿ. ಆಗ್ಲೇ ನೀರಿರೋ ಬೋರ್ ಇದ್ರೆ ಬೆಳೆ ಇಡಿ, ನಾನೇ ಬಂದು ನೋಡ್ತೀನಿ. ಹೊಸದಾಗಿ ಕೊರೆಸೋದು ಬೇಡ.

ಈ ಜಿಲ್ಲೆಗೆ ಕೆಲಸ ಹೋಗೋದು ಏನು ಅಂತ ಹೊಸದಾಗಿ ಹೇಳ್ಕೊಡ್ಬೇಕಾ? 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ರು. ಮನೆ ಉಳಿಸಿದ್ದು ಯಾವುದು? ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡೋ ಟ್ರೇನು. ಟಿಫನ್ ಬಾಕ್ಸ್ ಹಿಡ್ಕೊಂಡು ಬೆಂಗಳೂರಿಗೆ ಹೋಗಿ ಸಿಕ್ಕ ಕೆಲಸ ಮಾಡಿ ರಾತ್ರಿ ವಾಪಸ್ ಬಂದೋರು ಮಕ್ಕಳನ್ನ ಓದಿಸಿದ್ರು. ನಿಮ್ಮ ಕೈಯಲ್ಲೂ ಕಸುಬಿದೆ. 6ಜಿ ಅನ್ನೋ ಪೈಪ್ ವೆಲ್ಡಿಂಗ್ ಟೆಸ್ಟ್ ಪಾಸಾದೋನು, ಪೈಪ್ ಫಿಟ್ಟರ್, ಭಾರ ಎತ್ತಿಸೋ ರಿಗ್ಗರ್, ಇವರನ್ನ ರಿಪೇರಿಗೆ ಅಂತ ರಿಫೈನರಿ ನಿಲ್ಲಿಸೋ ಶಟ್‌ಡೌನ್‌ಗೆ ಹುಡುಕ್ತಾರೆ, ಮಂಗಳೂರಿಗೂ ಜಾಮ್‌ನಗರಕ್ಕೂ. ಕೆಲವೇ ವಾರದ ಕೆಲಸ, ಗೊತ್ತು. ಆದ್ರೆ ಅನುಭವ ಪತ್ರ, ಸರ್ಟಿಫಿಕೇಟು ಜೋಪಾನವಾಗಿದ್ರೆ ಮುಂದಿನ ಕರೆ ಬರುತ್ತೆ. ಬಿದ್ದ ಎಣ್ಣೆ ಬೆಲೆ ಮತ್ತೆ ಏಳುತ್ತೆ, ಟೈಮ್ ಹಿಡಿಯುತ್ತೆ ಅಷ್ಟೇ. 2020ರ ಏಪ್ರಿಲ್ 20ಕ್ಕೆ ಅಮೆರಿಕದ ಕಚ್ಚಾ ತೈಲದ ಬೆಲೆ ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರಿಗೆ ಹೋಗಿತ್ತು. 2022ರ ಮಾರ್ಚ್‌ನಲ್ಲಿ ಬ್ರೆಂಟ್ 120 ದಾಟಿತು. ಅಲ್ಲೀವರೆಗೆ ಅಕ್ಕಿ ತರೋಕೆ ದುಡ್ಡು ಬೇಕಲ್ವಾ? ಅದಕ್ಕೇ ಹೇಳ್ತಿರೋದು, ಮುಟ್ಟಬೇಡಿ ಅಂತ!

"ನೀನು ಯೂಟ್ಯೂಬ್‌ನಲ್ಲಿ ಕೂತು ಹೇಳ್ತೀಯ, ನಮ್ಮ ಹೊಲ ನಮ್ಮಿಷ್ಟ" ಅಂತಾರೆ. ಹೊಲ ನಿಮ್ಮದೇ, ದುಡ್ಡೂ ನಿಮ್ಮದೇ. ಆದ್ರೂ ಬೇಡ. ಒಂದು ಅಡಿ ಕೊರೆಯೋಕೆ ಇಷ್ಟು ಅಂತ ರೇಟ್ ಹೇಳಿ ಫೋನ್ ಮಾಡೋ ಏಜೆಂಟಿಗೂ ಬೇಡ ಅನ್ನಿ. ಪಾಯಿಂಟ್ ನೋಡೋನಿಗೆ ಕಾಫಿ ಕೊಟ್ಟು ಕಳಿಸಿ. ಬೇಡ ಅಂದ್ರೆ ಬೇಡ!

ಭಾನುವಾರ ರಾತ್ರಿ ಲೈವ್ ಬರ್ತೀನಿ. ಸೌದಿ, ದುಬೈ ಎರಡೂ ಕಡೆ ಗ್ರ್ಯಾಚುಟಿ ಲೆಕ್ಕ ನಿಮ್ಮ ಜೊತೆ ಕೂತು ಮಾಡೋಣ. ಸಂಬಳ ಎಷ್ಟು, ಸರ್ವೀಸ್ ಎಷ್ಟು ವರ್ಷ ಅಂತ ಬರೆದು ಇಟ್ಕೊಳ್ಳಿ. ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ಈ ವಿಡಿಯೋನ ನಿಮ್ಮ ಕ್ಯಾಂಪಿನ ವಾಟ್ಸಾಪ್ ಗ್ರೂಪಿಗೆ ಈಗಲೇ ಹಾಕಿ. ನಾಳೆ ಫ್ಲೈಟ್ ಹತ್ತೋನು ಅಲ್ಲಿ ಯಾರಾದ್ರೂ ಇರ್ತಾನೆ.