ಗಿನಿ ಪಿಗ್‌ಗೆ ಶೀತ ಆಗಿದೆಯಾ? ಮನೆಯ ಸಿರಪ್ ಮುಟ್ಟಬೇಡಿ

[ಮೇಜಿನ ಮುಂದೆ ನಿರೂಪಕಿ. ಮಡಿಲಲ್ಲಿ ಟವೆಲ್, ಟವೆಲ್‌ನೊಳಗೆ ಬೆಲ್ಲ ಎಂಬ ಗಿನಿ ಪಿಗ್.]

ನಮಸ್ಕಾರ. ಹೋದ ವಾರ ರಾತ್ರಿ 11 ಗಂಟೆಗೆ ವಿಜಯನಗರದಿಂದ ಒಬ್ಬರು ಮೆಸೇಜ್ ಕಳಿಸಿದ್ದರು. "ನಮ್ಮ ಗಿನಿ ಪಿಗ್ ಬೆಳಗ್ಗೆಯಿಂದ ಸೀನುತ್ತಿದೆ. ಮಗನಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ ಫ್ರಿಜ್ಜಲ್ಲಿ ಉಳಿದಿದೆ. ಎರಡು ಹನಿ ಹಾಕಲಾ?"

ಬೇಡ. ಒಂದು ಹನಿಯೂ ಬೇಡ.

ಅಷ್ಟನ್ನು ತಕ್ಷಣ ಬರೆದು ಕಳಿಸಿದೆ. ಅವರು ಮತ್ತೆ ಕೇಳಿದರು: "ಯಾಕೆ? ಪುಟ್ಟ ಮಕ್ಕಳಿಗೇ ಕೊಡುವ ಔಷಧ ಅಲ್ವಾ?" ಇದು ಬಹಳ ಒಳ್ಳೆಯ ಪ್ರಶ್ನೆ. ಇವತ್ತಿನ ವಿಡಿಯೋ ಪೂರ್ತಿ ಅದರ ಬೆನ್ನು ಹತ್ತಿಯೇ ಹೋಗುತ್ತದೆ.

ಗೊತ್ತಿಲ್ಲದವರಿಗೆ ಎರಡೇ ಮಾತು. ಗಿನಿ ಪಿಗ್ ಹಂದಿಯಲ್ಲ, ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಕಡೆಯ ಪ್ರಾಣಿ. ಬರೀ ಹುಲ್ಲು, ಸೊಪ್ಪು ತಿನ್ನುತ್ತದೆ. ದೊಡ್ಡದಾದರೆ ಒಂದು ಕೆಜಿ ಆಸುಪಾಸು ತೂಗುತ್ತದೆ. ಇದು ನಮ್ಮನೆಯ ಬೆಲ್ಲ. ಬಣ್ಣ ನೋಡಿದರೆ ಹೆಸರು ಯಾಕೆ ಅಂತ ಗೊತ್ತಾಗುತ್ತದೆ.

[ಬೆಲ್ಲದ ಮುಖ ಹತ್ತಿರದಿಂದ]

ಹೋದ ನವೆಂಬರ್‌ನಲ್ಲಿ ಜಡಿಮಳೆ ಹಿಡಿದಿತ್ತಲ್ಲ, ಆ ವಾರ ಬೆಲ್ಲನಿಗೆ ಶ್ವಾಸಕೋಶದ ಸೋಂಕು ಆಯಿತು. ಮೊದಲು ಬರೀ ಸೀನು. ಮಾರನೆಯ ದಿನ ಕಣ್ಣಂಚಲ್ಲಿ ಗೀಜು ಕಟ್ಟಿತ್ತು, ಮೂಗಿನ ಸುತ್ತ ಒದ್ದೆ. ಸಂಜೆಗೆ ಮೈಯ ರೋಮ ಉಬ್ಬಿಸಿಕೊಂಡು ಗೂಡಿನ ಮೂಲೆಯಲ್ಲಿ ಕೂತುಬಿಟ್ಟ. ಕಿವಿ ಹತ್ತಿರ ಇಟ್ಟರೆ ಉಸಿರಿನ ಜೊತೆ ಸಣ್ಣಗೆ ಕಟಕಟ ಸದ್ದು. ಒಂದು ವಿಷಯ ಹೇಳಿಬಿಡುತ್ತೇನೆ. ಮುಖ ತೊಳೆದುಕೊಳ್ಳುವಾಗ ಇವುಗಳ ಕಣ್ಣಿಂದ ಹಾಲಿನಂಥ ಬಿಳಿ ನೀರು ಬರುತ್ತದೆ. ಅದು ಮಾಮೂಲಿ, ಹೆದರಬೇಡಿ. ಒಣಗಿ ಅಂಟಿಕೊಂಡ ಗೀಜು ಮಾತ್ರ ಮಾಮೂಲಿ ಅಲ್ಲ.

ಆದರೆ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಸೀನೂ ಅಲ್ಲ, ಸದ್ದೂ ಅಲ್ಲ. ಬಟ್ಟಲಿನಲ್ಲಿ ಕೊತ್ತಂಬರಿ ಸೊಪ್ಪು ಹಾಗೇ ಉಳಿದಿತ್ತು.

ಯಾಕೆ ಅಂತ ಹೇಳುತ್ತೇನೆ. ಗಿನಿ ಪಿಗ್ ಉಸಿರಾಡುವುದು ಮೂಗಿನಿಂದ. ನಮಗೆ ಮೂಗು ಕಟ್ಟಿದರೆ ಬಾಯಿ ತೆರೆದು ಉಸಿರೆಳೆಯುತ್ತೇವೆ. ಅದಕ್ಕೆ ಆ ಅನುಕೂಲ ಇಲ್ಲ. ಅದು ಬಾಯಿ ತೆರೆದು ಉಸಿರಾಡುತ್ತಿದೆ ಅಂದರೆ ಪರಿಸ್ಥಿತಿ ತುಂಬಾ ಕೆಟ್ಟಿದೆ, ಆ ಕ್ಷಣವೇ ಆಟೋ ಹತ್ತಬೇಕು ಅಂತ ಅರ್ಥ. ಮೂಗು ಕಟ್ಟಿದರೆ ವಾಸನೆ ಗೊತ್ತಾಗುವುದಿಲ್ಲ, ಅಗಿಯುವುದೂ ಕಷ್ಟ. ಹಾಗಾಗಿ ತಿನ್ನುವುದನ್ನು ಬಿಡುತ್ತದೆ. ತಿನ್ನುವುದು ಬಿಟ್ಟರೆ ಹೊಟ್ಟೆ ನಿಲ್ಲುತ್ತದೆ. ಕಾಯಿಲೆ ಎದೆಯಲ್ಲಿ, ಜೀವ ಹೋಗುವುದು ಎಷ್ಟೋ ಸಲ ಹೊಟ್ಟೆಯಿಂದ.

ಈ ಹೊಟ್ಟೆ ಹೇಗಿದೆ ಅಂತ ಗೊತ್ತಾದರೆ ಸಿರಪ್ಪಿನ ಪ್ರಶ್ನೆಗೆ ಉತ್ತರ ತಾನಾಗೇ ಸಿಗುತ್ತದೆ.

[ಅಡುಗೆಮನೆ. ದೋಸೆ ಹಿಟ್ಟಿನ ಪಾತ್ರೆ.]

ದೋಸೆ ಹಿಟ್ಟು. ರಾತ್ರಿ ರುಬ್ಬಿ ಮುಚ್ಚಿಟ್ಟರೆ ಬೆಳಗ್ಗೆ ಉಬ್ಬಿರುತ್ತದೆ. ಉಬ್ಬಿಸಿದ್ದು ನಾವಲ್ಲ. ಉದ್ದಿನಬೇಳೆಯ ಜೊತೆಗೇ ಬಂದ ಬ್ಯಾಕ್ಟೀರಿಯಾ. ಡಿಸೆಂಬರ್‌ನ ಬೆಂಗಳೂರಿನಲ್ಲಿ ಹಿಟ್ಟು ಸರಿಯಾಗಿ ಉಬ್ಬುವುದಿಲ್ಲ ಅಲ್ವಾ? ಆ ಜೀವಿಗಳಿಗೆ ಚಳಿ. ಅಮ್ಮ ಪಾತ್ರೆಗೆ ಹಳೆ ಶಾಲು ಸುತ್ತಿ ಒಲೆ ಪಕ್ಕ ಇಡುತ್ತಾರೆ. ಒಂದು ಮುಷ್ಟಿ ಹಿಟ್ಟಿಗೂ ಅಷ್ಟು ಆರೈಕೆ ಬೇಕು.

ಗಿನಿ ಪಿಗ್‌ನ ಹೊಟ್ಟೆಯೊಳಗೆ ಇಂಥದೇ ಒಂದು ಪಾತ್ರೆ ಇದೆ. ಸೀಕಮ್ ಅಂತಾರೆ. ದೊಡ್ಡ ಕರುಳು ಶುರುವಾಗುವ ಕಡೆ ಇರುವ ಒಂದು ದೊಡ್ಡ ಚೀಲ. ಕರುಳಿನಲ್ಲಿರುವ ಒಟ್ಟು ಆಹಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಚೀಲದಲ್ಲೇ ಇರಬಹುದು. ಹುಲ್ಲಿನ ನಾರನ್ನು ಗಿನಿ ಪಿಗ್ ತಾನಾಗಿ ಅರಗಿಸಲಾರದು. ಚೀಲದೊಳಗಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಕೊಡುತ್ತವೆ. ಅಲ್ಲಿ ತಯಾರಾದದ್ದು ಮೆತ್ತನೆಯ ಹಿಕ್ಕೆಯಾಗಿ ಹೊರಬಂದಾಗ ಗಿನಿ ಪಿಗ್ ಅದನ್ನು ಮತ್ತೆ ತಿನ್ನುತ್ತದೆ. ನೋಡಿ ಅಸಹ್ಯ ಪಡಬೇಡಿ. ಅದರ ಬಿ ವಿಟಮಿನ್ ಬಹಳಷ್ಟು ಬರುವುದು ಹಾಗೇ.

ಆದರೆ ನಮ್ಮ ಹಿಟ್ಟಿನ ಪಾತ್ರೆಗೂ ಇದಕ್ಕೂ ಒಂದು ವ್ಯತ್ಯಾಸ. ಹಿಟ್ಟು ಒಂದು ದಿನ ಕೆಟ್ಟರೆ ಉಪ್ಪಿಟ್ಟು ಮಾಡಿಕೊಳ್ಳುತ್ತೇವೆ. ಈ ಪಾತ್ರೆಗೆ ರಜೆ ಇಲ್ಲ. ಮೇಲಿಂದ ಹುಲ್ಲು ಬರುತ್ತಲೇ ಇರಬೇಕು, ಕೆಳಗಿನಿಂದ ಹೋಗುತ್ತಲೇ ಇರಬೇಕು.

ಈಗ ಆ ಹಿಟ್ಟಿಗೆ ಎರಡು ಹನಿ ಅಮಾಕ್ಸಿಸಿಲಿನ್ ಹಾಕಿ ನೋಡೋಣ. ಬ್ಯಾಕ್ಟೀರಿಯಾ ಕೊಲ್ಲುವ ಪೆನ್ಸಿಲಿನ್ ಜಾತಿಯ ಔಷಧ ಅದು. ಚೀಲವನ್ನು ನಡೆಸುತ್ತಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಜಾಗ ಖಾಲಿ ಆಗುತ್ತದೆ. ಅಲ್ಲಿಯವರೆಗೆ ಮೂಲೆಯಲ್ಲಿ ಸುಮ್ನೆ ಕೂತಿದ್ದ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಇಡೀ ಪಾತ್ರೆ ತುಂಬಿಕೊಂಡು ವಿಷ ಬಿಡುತ್ತದೆ. ಭೇದಿ ಆಗುತ್ತದೆ, ಮೈ ತಣ್ಣಗಾಗುತ್ತದೆ, ಕೆಲವೇ ದಿನಗಳಲ್ಲಿ ಪ್ರಾಣಿ ಹೋಗುತ್ತದೆ. ಮನೆಯವರು "ಶೀತ ಜಾಸ್ತಿಯಾಗಿ ಸತ್ತಿತು" ಅಂದುಕೊಳ್ಳುತ್ತಾರೆ.

ಇಲ್ಲಿ ಒಂದು ಕಥೆ ಹೇಳದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ.

[ಕಪ್ಪು ಬಿಳುಪು ಚಿತ್ರ: ಹಳೆಯ ಪ್ರಯೋಗಾಲಯ]

1940, ಮೇ 25, ಶನಿವಾರ. ಇಂಗ್ಲೆಂಡಿನ ಆಕ್ಸ್‌ಫರ್ಡ್. ಹೊರಗೆ ಎರಡನೇ ಮಹಾಯುದ್ಧ. ವಿಜ್ಞಾನಿ ಹೊವರ್ಡ್ ಫ್ಲೋರಿ ಅವರ ತಂಡ 8 ಇಲಿಗಳಿಗೆ ಪ್ರಾಣ ತೆಗೆಯುವಷ್ಟು ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಚುಚ್ಚಿತು. 4 ಇಲಿಗಳಿಗೆ ಪೆನ್ಸಿಲಿನ್ ಕೊಟ್ಟರು, ಉಳಿದ 4ಕ್ಕೆ ಕೊಡಲಿಲ್ಲ. ನಡುರಾತ್ರಿ ದಾಟಿದರೂ ಮನೆಗೆ ಹೋಗದೆ ಕಾದು ನೋಡಿದವರು ತಂಡದ ನಾರ್ಮನ್ ಹೀಟ್ಲಿ. ಬೆಳಗಾಗುವಷ್ಟರಲ್ಲಿ ಔಷಧ ಸಿಗದ ನಾಲ್ಕೂ ಸತ್ತಿದ್ದವು. ಔಷಧ ಸಿಕ್ಕ ನಾಲ್ಕೂ ಬದುಕಿದ್ದವು. ಪೆನ್ಸಿಲಿನ್ ಮನುಷ್ಯರ ಆಸ್ಪತ್ರೆಗೆ ಬರುವ ದಾರಿ ತೆರೆದದ್ದು ಆ ರಾತ್ರಿ.

ಅವರು ಆರಿಸಿಕೊಂಡದ್ದು ಇಲಿ. ಆ ಕಾಲದಲ್ಲಿ ಗಿನಿ ಪಿಗ್ ಕೂಡ ಪ್ರಯೋಗಾಲಯಗಳಲ್ಲಿ ಮಾಮೂಲಿ ಪ್ರಾಣಿಯೇ. "ಪ್ರಯೋಗಪಶು" ಅಂದರೆ ಜನರಿಗೆ ನೆನಪಾಗುವುದೇ ಅದು. ಆ ಶನಿವಾರ ಮೇಜಿನ ಮೇಲೆ ಇಲಿಯ ಬದಲು ಬೆಲ್ಲನಂಥ 8 ಗಿನಿ ಪಿಗ್ ಇದ್ದಿದ್ದರೆ? ಪೆನ್ಸಿಲಿನ್ ಗಿನಿ ಪಿಗ್‌ಗಳನ್ನು ಕೊಲ್ಲುತ್ತದೆ ಅಂತ 1943ರಲ್ಲಿ ವರದಿ ಬಂತು. ಅಷ್ಟರಲ್ಲಿ ಔಷಧ ಮನುಷ್ಯರ ಜೀವ ಉಳಿಸಲು ಶುರು ಮಾಡಿಯಾಗಿತ್ತು. ಮೊದಲೇ ಗಿನಿ ಪಿಗ್ ಮೇಲೆ ನೋಡಿದ್ದರೆ "ಇದು ವಿಷ" ಅಂತ ಬದಿಗಿಟ್ಟುಬಿಡುತ್ತಿದ್ದರೋ ಏನೋ. ಇದನ್ನು ಮೊದಲ ಸಲ ಓದಿದ ರಾತ್ರಿ ಎದ್ದು ಹೋಗಿ ಬೆಲ್ಲನ ಗೂಡಿನ ಮುಂದೆ ಕೂತಿದ್ದೆ.

ವಿಜಯನಗರದ ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಇದು. ಮಗುವಿಗೆ ಒಳ್ಳೆಯ ಔಷಧವೇ. ಈ ಹೊಟ್ಟೆಗೆ ಅಲ್ಲ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಇವೆಲ್ಲ ಗಿನಿ ಪಿಗ್‌ಗೆ ಅಪಾಯ. ವೈದ್ಯರು ಸಾಮಾನ್ಯವಾಗಿ ಬರೆಯುವುದು ಎನ್ರೋಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್, ಸಲ್ಫಾ ಜಾತಿಯ ಔಷಧಗಳು. ಈ ಹೆಸರುಗಳನ್ನು ನೀವು ಮೆಡಿಕಲ್ ಶಾಪ್‌ನಲ್ಲಿ ಹೇಳಿ ತರಲಿ ಅಂತ ಹೇಳುತ್ತಿಲ್ಲ. ಅಳತೆ ತೂಕದ ಮೇಲೆ ಹೋಗುತ್ತದೆ, ಅದನ್ನು ವೈದ್ಯರೇ ಹೇಳಬೇಕು.

[ಮತ್ತೆ ಮೇಜು]

ವೈದ್ಯರ ವಿಷಯ. ಬೆಂಗಳೂರಿನಲ್ಲಿ ಬೀದಿಗೊಂದು ಪೆಟ್ ಕ್ಲಿನಿಕ್ ಇದೆ. ಆದರೆ ಬಹಳಷ್ಟು ಕಡೆ ನಾಯಿ, ಬೆಕ್ಕು ಮಾತ್ರ. ನಾನು ಹನುಮಂತನಗರದಿಂದ ಮಳೆಯಲ್ಲಿ ಡಬ್ಬ ಹಿಡಿದು ಒಂದು ಕಡೆ ಹೋದೆ. "ಇಂಥವನ್ನು ನಾವು ನೋಡಲ್ಲ" ಅಂದರು. ಅವರು ಹಾಗೆ ಒಪ್ಪಿಕೊಂಡದ್ದೇ ಒಳ್ಳೆಯದು. ಗೊತ್ತಿಲ್ಲದೆ ಪೆನ್ಸಿಲಿನ್ ಚುಚ್ಚಿದ್ದರೆ? ನೀವು ಮೊದಲು ಫೋನ್ ಮಾಡಿ. "ಮೊಲ, ಗಿನಿ ಪಿಗ್ ನೋಡುವ ಡಾಕ್ಟರ್ ಇದ್ದಾರಾ?" ಅಂತಲೇ ಕೇಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಆಸ್ಪತ್ರೆ ಇದೆ, ಅಲ್ಲೂ ವಿಚಾರಿಸಬಹುದು. ಇದನ್ನು ಪ್ರಾಣಿ ಚೆನ್ನಾಗಿರುವಾಗಲೇ ಮಾಡಿ, ನಂಬರ್ ಫ್ರಿಜ್ ಮೇಲೆ ಅಂಟಿಸಿ. ಕಾಡಿನಲ್ಲಿ ಬೇಟೆಗೆ ಸಿಗುವ ಜಾತಿ ಇದು. ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ನಿಮಗೆ ಕಾಣುವ ಹೊತ್ತಿಗೆ ಕಾಯಲು ಸಮಯ ಇರುವುದಿಲ್ಲ.

ನಮಗೆ ಸಿಕ್ಕ ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎಕ್ಸ್‌ರೇ ತೆಗೆದರು. ಔಷಧ ಬರೆದರು. ಆಮೇಲೆ ಹೇಳಿದರು: "ಔಷಧ ನನ್ನದು, ಊಟ ನಿಮ್ಮದು. ಊಟ ತಪ್ಪಿದರೆ ಔಷಧದಿಂದ ಏನೂ ಆಗುವುದಿಲ್ಲ."

ಊಟ ಅಂದರೆ ಏನು? ಹುಷಾರಿಲ್ಲದ ಸಸ್ಯಾಹಾರಿ ಪ್ರಾಣಿಗಳಿಗೆ ಅಂತಲೇ ಹುಲ್ಲಿನ ಪುಡಿ ಸಿಗುತ್ತದೆ. ಅದು ಸಿಗುವವರೆಗೆ ಅದರದ್ದೇ ಪೆಲೆಟ್, ಅಂದರೆ ಗುಳಿಗೆಯಂಥ ಒಣ ಆಹಾರವನ್ನು, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ನುಣ್ಣಗೆ ಕಿವುಚಿ, ತೆಳ್ಳಗೆ ಗಂಜಿ ಮಾಡಿದೆ. ಸೂಜಿ ಇಲ್ಲದ 1 ಎಂಎಲ್ ಸಿರಿಂಜ್.

[ಕೈಗಳ ಹತ್ತಿರದ ದೃಶ್ಯ]

ಇದನ್ನು ನಿಧಾನವಾಗಿ ನೋಡಿ. ಟವೆಲ್‌ನಲ್ಲಿ ಸುತ್ತಿ, ನಾಲ್ಕು ಕಾಲೂ ಕೆಳಗೆ ಇರುವ ಹಾಗೆ ಕೂರಿಸಿಕೊಳ್ಳಿ. ಮಗುವಿನ ಹಾಗೆ ಮಲಗಿಸಬೇಡಿ, ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಮುಂದಿನ ಹಲ್ಲಿನ ಹಿಂದೆ, ಪಕ್ಕದಲ್ಲಿ, ಹಲ್ಲಿಲ್ಲದ ಒಂದು ಸಂದು ಇದೆ. ಸಿರಿಂಜ್ ಅಲ್ಲಿಂದ ಒಳಗೆ. ಕಾಲು ಎಂಎಲ್ ಒತ್ತಿ. ನಿಲ್ಲಿಸಿ. ದವಡೆ ಆಡುವುದನ್ನು ನೋಡಿ. ನುಂಗಿದ ಮೇಲೆ ಮತ್ತೆ ಕಾಲು ಎಂಎಲ್. ಮೊದಲ ರಾತ್ರಿ 5 ಎಂಎಲ್ ಕುಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಮೂರು ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಸೇರಿ. 2 ಗಂಟೆಗೆ ನಾನು, 5 ಗಂಟೆಗೆ ಅಮ್ಮ. ಊಟಕ್ಕೆ ಮುಂಚೆ ಒದ್ದೆ ಹತ್ತಿಯಿಂದ ಮೂಗು ಒರೆಸುತ್ತಿದ್ದೆವು. ಮೂಗು ಬಿಟ್ಟರೆ ತಾನೇ ಊಟ?

ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಬೆಲ್ಲ 870 ಗ್ರಾಂ ಇದ್ದವನು ಮೂರನೇ ದಿನಕ್ಕೆ 795. ಅಷ್ಟು ಪುಟ್ಟ ದೇಹಕ್ಕೆ 75 ಗ್ರಾಂ ಅಂದರೆ ಮೈಯ ಹನ್ನೆರಡನೇ ಒಂದು ಭಾಗ ಹೋದ ಹಾಗೆ. ಅಮ್ಮ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್‌ನಲ್ಲೇ ಬರೆದಿಡಲು ಶುರು ಮಾಡಿದರು. ಮೇಲೆ ಅರ್ಧ ಲೀಟರ್, ಕೆಳಗೆ 795. ಜೊತೆಗೆ ಹಿಕ್ಕೆ ಎಷ್ಟು, ಯಾವ ಗಾತ್ರ ಅಂತಲೂ. ಹಿಕ್ಕೆ ಚಿಕ್ಕದಾಗುತ್ತಿದ್ದರೆ ಹೊಟ್ಟೆ ನಿಧಾನವಾಗುತ್ತಿದೆ ಅಂತ ಲೆಕ್ಕ.

ಸಮಯ ಜಾಸ್ತಿ ಆಗಿದೆ. ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ.

ನಮ್ಮ ಹಾಗೆ ಗಿನಿ ಪಿಗ್‌ಗೂ ವಿಟಮಿನ್ ಸಿ ಮೈಯಲ್ಲಿ ತಯಾರಾಗುವುದಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ರೋಗದ ಗುಟ್ಟು ಹಿಡಿದದ್ದು ಇದೇ ಪ್ರಾಣಿಯಿಂದ. ಹುಷಾರಿಲ್ಲದಾಗ ಇನ್ನೂ ಜಾಸ್ತಿ ಬೇಕು, ಎಷ್ಟು ಅಂತ ವೈದ್ಯರನ್ನು ಕೇಳಿ. ನೀರಿಗೆ ಬೆರೆಸಬೇಡಿ, ಬೇಗ ಕೆಡುತ್ತದೆ. ಚೇತರಿಸಿಕೊಂಡಾಗ ದೊಣ್ಣೆ ಮೆಣಸಿನಕಾಯಿ, ಕೊತ್ತಂಬರಿ. ಮೊಸರನ್ನ ಬೇಡ, ಹೊಟ್ಟೆಗೆ ತಂಪು ಅಂತ ಎಷ್ಟೋ ಜನ ಕೊಡುತ್ತಾರೆ, ಹಾಲಿನ ಪದಾರ್ಥ ಇದಕ್ಕೆ ಆಗುವುದಿಲ್ಲ. ವಿಕ್ಸ್, ಬಿಸಿನೀರಿನ ಆವಿ ಬೇಡ. ಸೊಳ್ಳೆ ಬತ್ತಿ, ಸಾಂಬ್ರಾಣಿ ಹೊಗೆ, ಊದುಬತ್ತಿ ಆ ಕೋಣೆಯಲ್ಲಿ ಬೇಡವೇ ಬೇಡ. ಗೂಡಿಗೆ ಮರದ ಮಿಲ್ಲಿನ ಹೊಟ್ಟು ಹಾಕಬೇಡಿ, ಧೂಳು ನೇರ ಎದೆಗೆ ಹೋಗುತ್ತದೆ. ಹಳೆ ಟವೆಲ್ ಹಾಸಿ, ದಿನಾ ಬದಲಿಸಿ. ಉಚ್ಚೆಯ ಅಮೋನಿಯಾ ವಾಸನೆ ನಿಮ್ಮ ಮೂಗಿಗೆ ಬಂತು ಅಂದರೆ, ಅದರ ಶ್ವಾಸಕೋಶ ಆಗಲೇ ಕಷ್ಟಪಟ್ಟಿದೆ. ಮೊಲದ ಜೊತೆ ಒಂದೇ ಗೂಡಲ್ಲಿ ಇಡಬೇಡಿ. ಮೊಲ ಆರಾಮಾಗಿ ಕಂಡರೂ ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಅದರ ಮೂಗಲ್ಲಿ ಇರಬಹುದು. ಗಿನಿ ಪಿಗ್‌ಗೆ ನ್ಯುಮೋನಿಯಾ ತರುವುದರಲ್ಲಿ ಅದು ಮುಖ್ಯವಾದದ್ದು. ಅಂಗಡಿಗಳಲ್ಲಿ ಎರಡನ್ನೂ ಒಟ್ಟಿಗೆ ತುಂಬಿಡುವುದು ನೋಡಿದರೆ ನನಗೆ ಸಂಕಟ ಆಗುತ್ತದೆ.

ಕೊನೆಗೆ, ಗರಿಕೆ. ಐದನೇ ದಿನ ಅಮ್ಮ ಗಾಂಧಿ ಬಜಾರಿನಿಂದ ಪೂಜೆಗೆ ತಂದ ಗರಿಕೆ ಕಟ್ಟಿನಿಂದ ನಾಲ್ಕು ಎಳೆ ಚೆನ್ನಾಗಿ ತೊಳೆದು ಬೆಲ್ಲನ ಮುಂದಿಟ್ಟರು. ಒಂದನ್ನು ಮೂಸಿದ. ತುದಿಯಿಂದ ಎಳೆದುಕೊಂಡ. ಪೂರ್ತಿ ತಿಂದ. ಗಣಪತಿಗೆ ಅವತ್ತು ನಾಲ್ಕು ಎಳೆ ಕಡಿಮೆ.

ಔಷಧವನ್ನು ವೈದ್ಯರು ಹೇಳಿದ ಅಷ್ಟೂ ದಿನ ಕೊಟ್ಟೆವು. ಸೀನು ನಿಂತಿತು ಅಂತ ನಡುವೆ ಬಿಡಲಿಲ್ಲ. ನೀವೂ ಬಿಡಬೇಡಿ.

[ಗೋಡೆಯ ಕ್ಯಾಲೆಂಡರ್]

ಇದು ಆ ನವೆಂಬರ್‌ನ ಹಾಳೆ. 795, 790, 792, 801. ಇಲ್ಲಿ ಅಮ್ಮ ಪಕ್ಕದಲ್ಲಿ "ಗರಿಕೆ" ಅಂತ ಬರೆದಿದ್ದಾರೆ. 814. ವಿಜಯನಗರದ ಅಕ್ಕ ನಿನ್ನೆ ಒಂದು ಫೋಟೋ ಕಳಿಸಿದರು. ತಕ್ಕಡಿಯ ಮೇಲೆ ಸ್ಟೀಲ್ ಡಬ್ಬ, ಡಬ್ಬದೊಳಗೆ ಎರಡು ಕಿವಿ, ಕೆಳಗೆ 640. ಮೊನ್ನೆಗಿಂತ 6 ಗ್ರಾಂ ಜಾಸ್ತಿ.